ಗೊದಮೊಟ್ಟೆಯ ಬಾಲ ಕರಗಿಸುವ ಕಿಣ್ವಕ್ಕೂ ಕ್ಯಾನ್ಸರಿಗೂ ಏನು ಸಂಬಂಧ?

ಮಳೆಗಾಲ ಶುರುವಾದ ಮೇಲೆ ಗದ್ದೆಯಂಚಿನ ನೀರಿನಲ್ಲಿ, ರಸ್ತೆ ಬದಿಯ ಹೊಂಡದಲ್ಲಿ ಗೊದಮೊಟ್ಟೆಗಳು ಓಡಾಡುವುದನ್ನು ನಾವೆಲ್ಲ ನೋಡಿರುತ್ತೇವೆ. ಮೊದಲು ಬರೀ ತಲೆ ಮತ್ತು ಬಾಲ. ಕೆಲವು ವಾರ ಕಳೆದರೆ ಹಿಂಗಾಲು ಮೂಡುತ್ತವೆ, ಆಮೇಲೆ ಮುಂಗಾಲು. ಕೊನೆಗೆ ಬಾಲವಿಲ್ಲದ ಪುಟ್ಟ ಕಪ್ಪೆಯೊಂದು ದಡಕ್ಕೆ ಹಾರುತ್ತದೆ. ಆ ಬಾಲ ಎಲ್ಲಿ ಹೋಯಿತು? ಹಲ್ಲಿಯ ಬಾಲದಂತೆ ಅದು ಕಳಚಿ ಬೀಳುವುದಿಲ್ಲ. ಚರ್ಮ, ಸ್ನಾಯು, ನಾರು ಎಲ್ಲವೂ ಒಳಗಿಂದಲೇ ಕರಗಿ ಮಾಯವಾಗುತ್ತವೆ.

ಕಪ್ಪೆಯ ಬಾಲದ ಬಗ್ಗೆ ಕೇಳಿದ ಈ ಪ್ರಶ್ನೆ ಮುಂದೆ ಕ್ಯಾನ್ಸರ್ ಸಂಶೋಧನೆಯ ಒಂದು ದೊಡ್ಡ ಭರವಸೆಗೂ, ಅಷ್ಟೇ ದೊಡ್ಡ ನಿರಾಸೆಗೂ ಕಾರಣವಾಯಿತು. ಬಾಲವನ್ನು ಕರಗಿಸುವ ಕಿಣ್ವಗಳ ಬಂಧುಗಳೇ ನಮ್ಮ ಮೈಯಲ್ಲೂ ಇವೆ. ಗಾಯ ಮಾಯುವಾಗ, ಮಗುವಿನ ಮೂಳೆ ಬೆಳೆಯುವಾಗ ಅವು ದುಡಿಯುತ್ತವೆ. ಕ್ಯಾನ್ಸರ್ ಹರಡುವಾಗಲೂ ಅವು ಅಲ್ಲಿರುತ್ತವೆ. ಹಾಗಾದರೆ ಅವನ್ನು ತಡೆದರೆ ಕ್ಯಾನ್ಸರ್ ನಿಲ್ಲಬೇಕಲ್ಲವೇ? 1990ರ ದಶಕದಲ್ಲಿ ಹಲವು ಔಷಧ ಕಂಪನಿಗಳು ಹಾಗೆಯೇ ಯೋಚಿಸಿದವು. ಉತ್ತರ ಅಷ್ಟು ಸುಲಭವಿರಲಿಲ್ಲ. ಯಾಕೆ ಎಂದು ತಿಳಿಯಲು ಜೀನಾ ವರ್ಬ್ ಎಂಬ ವಿಜ್ಞಾನಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು, ಕೋಶಗಳ ನಡುವೆ ಏನಿದೆ?

ನಮ್ಮ ದೇಹ ಜೀವಕೋಶಗಳಿಂದ ಆಗಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಕೋಶಗಳನ್ನಷ್ಟೇ ರಾಶಿ ಹಾಕಿದರೆ ದೇಹವಾಗುವುದಿಲ್ಲ. ಅವುಗಳ ನಡುವೆ, ಅವುಗಳ ಸುತ್ತ ಪ್ರೋಟೀನಿನ ಎಳೆಗಳ ಒಂದು ಹಂದರವಿದೆ. ಚರ್ಮ ಬಿಗಿಯಾಗಿರುವುದು, ಮೂಳೆ ಗಟ್ಟಿಯಾಗಿರುವುದು, ಶ್ವಾಸಕೋಶ ಹಿಗ್ಗಿ ಕುಗ್ಗುವುದು ಈ ಹಂದರದಿಂದಲೇ.

ಹಂದರದ ಮುಖ್ಯ ಎಳೆ ಕೊಲಾಜನ್. ನಮ್ಮ ಮೈಯಲ್ಲಿರುವ ಒಟ್ಟು ಪ್ರೋಟೀನಿನ ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಅದೇ. ಮೂರು ಎಳೆಗಳನ್ನು ಹುರಿ ಮಾಡಿದ ಹಗ್ಗದಂತೆ ಅದರ ರಚನೆ. ಹುರಿ ಎಷ್ಟು ಬಿಗಿಯೆಂದರೆ ಸಾಮಾನ್ಯ ಜೀರ್ಣಕಿಣ್ವಗಳು ಅದನ್ನು ಸುಲಭವಾಗಿ ಕಡಿಯಲಾರವು.

ಇಷ್ಟು ಗಟ್ಟಿಯಾದ ಹಗ್ಗವನ್ನು ಗೊದಮೊಟ್ಟೆ ಹೇಗೆ ಕರಗಿಸುತ್ತದೆ? ಅಮೆರಿಕದ ಬಾಸ್ಟನ್ನಿನಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ 1962ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಅವರ ಪ್ರಯೋಗ ಸರಳವಾಗಿತ್ತು. ತಟ್ಟೆಯಲ್ಲಿ ಕೊಲಾಜನ್ನಿನ ತೆಳು ಪದರ ಹರಡಿ, ಅದರ ಮೇಲೆ ಗೊದಮೊಟ್ಟೆಯ ಬಾಲದ ಜೀವಂತ ತುಣುಕುಗಳನ್ನಿಟ್ಟರು. ಕಾದು ನೋಡಿದಾಗ ತುಣುಕಿನ ಸುತ್ತಲಿನ ಮಬ್ಬು ಪದರ ಕರಗಿ ತಿಳಿಯಾಗಿತ್ತು. ಬಾಲದ ಅಂಗಾಂಶವೇ ಕೊಲಾಜನ್ ಕತ್ತರಿಸುವ ಕಿಣ್ವವನ್ನು ಹೊರಬಿಡುತ್ತಿತ್ತು. ಅದಕ್ಕೆ ಕೊಲಾಜನೇಸ್ ಎಂದು ಹೆಸರಾಯಿತು.

ಅಲ್ಲಿಂದ ಮುಂದೆ ಅದರ ಬಂಧುಗಳು ಒಂದೊಂದಾಗಿ ಸಿಕ್ಕವು. ಇಂದು ಈ ಕುಟುಂಬವನ್ನು ಮ್ಯಾಟ್ರಿಕ್ಸ್ ಮೆಟಲ್ಲೊಪ್ರೋಟಿನೇಸ್ ಎನ್ನುತ್ತಾರೆ, ಚಿಕ್ಕದಾಗಿ ಎಂಎಂಪಿ. ಮನುಷ್ಯರಲ್ಲಿ ಇಂಥ 23 ಕಿಣ್ವಗಳಿವೆ. 'ಮೆಟಲ್' ಎಂಬ ಪದ ಬಂದದ್ದು ಅವುಗಳ ಕತ್ತರಿಯ ಬಾಯಲ್ಲಿ ಸತುವಿನ ಒಂದು ಅಯಾನು ಕೂತಿರುವುದರಿಂದ. ಅದಿಲ್ಲದೆ ಕಿಣ್ವ ಕತ್ತರಿಸಲಾರದು.

ಇಷ್ಟು ಹರಿತವಾದ ಕತ್ತರಿ ಮೈಯಲ್ಲಿ ಸುಮ್ಮನೆ ಓಡಾಡಿದರೆ ನಮ್ಮ ಗತಿಯೇನು? ಅದಕ್ಕಾಗಿ ಎರಡು ಕಾವಲುಗಳಿವೆ. ಮೊದಲನೆಯದು, ಕಿಣ್ವ ತಯಾರಾಗುವಾಗಲೇ ಅದರ ಬಾಯಿಗೆ ಒಂದು ಮುಚ್ಚಳವಿರುತ್ತದೆ. ಮುಚ್ಚಳ ತೆಗೆದ ಮೇಲೆಯೇ ಅದು ಕೆಲಸ ಮಾಡುವುದು. ಎರಡನೆಯದು, ಟಿಂಪ್ ಎಂಬ ನಾಲ್ಕು ಪ್ರೋಟೀನುಗಳು. ಇವು ಕಿಣ್ವವನ್ನು ಹಿಡಿದು ಸುಮ್ಮನಾಗಿಸುವ ಬ್ರೇಕುಗಳು. ಹಂದರ ಎಷ್ಟು ಕಟ್ಟಬೇಕು, ಎಷ್ಟು ಕೆಡವಬೇಕು ಎಂಬುದು ಈ ಕತ್ತರಿ ಮತ್ತು ಬ್ರೇಕಿನ ನಡುವಿನ ಹದವನ್ನು ಅವಲಂಬಿಸಿದೆ.

ಕ್ಯಾನ್ಸರಿನ ಕಡೆಗೆ ಬೆರಳು ತಿರುಗಿದ್ದು

ಕ್ಯಾನ್ಸರಿನಲ್ಲಿ ಬಹುಪಾಲು ಸಾವುಗಳಿಗೆ ಕಾರಣ ಮೊದಲು ಹುಟ್ಟಿದ ಗಡ್ಡೆಯಲ್ಲ, ಅದು ಬೇರೆ ಅಂಗಗಳಿಗೆ ಹರಡುವುದು. ಹರಡಬೇಕಾದರೆ ಕ್ಯಾನ್ಸರ್ ಕೋಶ ತಾನಿದ್ದ ಜಾಗ ಬಿಟ್ಟು ಹೊರಬೀಳಬೇಕು. ಅಲ್ಲಿ ಮೊದಲ ಅಡ್ಡಗೋಡೆ ತಳಪೊರೆ, ಅಂದರೆ ಕೋಶಗಳ ಸಾಲು ಕೂತಿರುವ ತೆಳುವಾದ, ಬಿಗಿಯಾದ ಹಾಸು. ಅದರಲ್ಲೂ ಒಂದು ಬಗೆಯ ಕೊಲಾಜನ್ ಇದೆ.

1980ರಲ್ಲಿ ಅಮೆರಿಕದ ಲ್ಯಾನ್ಸ್ ಲಿಯೋಟ್ಟಾ ಮತ್ತು ಸಂಗಡಿಗರು ಇಲಿಗಳ ಗಡ್ಡೆಯ ಕೋಶಗಳನ್ನು ಹೋಲಿಸಿ ನೋಡಿದರು. ಯಾವ ಕೋಶಗಳು ಹೆಚ್ಚು ಹರಡುತ್ತಿದ್ದವೋ ಅವೇ ತಳಪೊರೆಯ ಕೊಲಾಜನ್ನನ್ನು ಹೆಚ್ಚು ಕರಗಿಸುತ್ತಿದ್ದವು. ಮುಂದಿನ ವರ್ಷಗಳಲ್ಲಿ ಮನುಷ್ಯರ ಅನೇಕ ಬಗೆಯ ಕ್ಯಾನ್ಸರುಗಳಲ್ಲೂ ಈ ಕಿಣ್ವಗಳು ಹೆಚ್ಚಾಗಿರುವುದು ಕಂಡಿತು.

ಚಿತ್ರ ಸ್ಪಷ್ಟವಾಗಿದೆ ಎನಿಸಿತು. ಕ್ಯಾನ್ಸರ್ ಕೋಶವೆಂಬ ಕಳ್ಳ, ಎಂಎಂಪಿ ಎಂಬ ಕನ್ನಗತ್ತಿ, ತಳಪೊರೆ ಎಂಬ ಗೋಡೆ. ಕತ್ತಿಯನ್ನು ಮೊಂಡು ಮಾಡಿದರೆ ಕಳ್ಳ ಒಳಗೇ ಉಳಿಯುತ್ತಾನೆ. ಹೇಳಲೂ ಕೇಳಲೂ ಚೆನ್ನಾಗಿದ್ದ ಕಥೆ ಇದು. ಅದು ಅರ್ಧ ಮಾತ್ರ ನಿಜ ಎಂದು ತೋರಿಸಿದವರಲ್ಲಿ ಜೀನಾ ವರ್ಬ್ ಪ್ರಮುಖರು.

ಜೀನಾ ವರ್ಬ್ ಕೇಳಿದ ಬೇರೆ ಪ್ರಶ್ನೆ

1945ರಲ್ಲಿ ಹುಟ್ಟಿದ ವರ್ಬ್ ಬೆಳೆದದ್ದು ಕೆನಡಾದಲ್ಲಿ. ಟೊರೊಂಟೊದಲ್ಲಿ ಪದವಿ, 1971ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್, ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಸ್ಟ್ರೇಂಜ್‌ವೇಸ್ ಪ್ರಯೋಗಾಲಯದಲ್ಲಿ ತರಬೇತಿ. 1976ರಿಂದ 2020ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೆ ಅವರು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದರು. 2005ರಲ್ಲಿ ಅಮೆರಿಕದ ಕೋಶವಿಜ್ಞಾನಿಗಳ ಸಂಘದ ಅಧ್ಯಕ್ಷೆಯೂ ಆಗಿದ್ದರು.

ಗಮನಿಸಬೇಕಾದ ವಿಷಯವೆಂದರೆ ಅವರು ಈ ಕಿಣ್ವಗಳ ಹತ್ತಿರ ಬಂದದ್ದು ಕ್ಯಾನ್ಸರಿನ ದಾರಿಯಿಂದಲ್ಲ. ಅವರ ಮೊದಲ ಕೆಲಸ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕೋಶಗಳ ಮೇಲೆ. ಮೈಯೊಳಗಿನ ಕಸ ನುಂಗುವ ಕೋಶಗಳಿವು. 1975ರಲ್ಲಿ ಸಿಯಾಮನ್ ಗೋರ್ಡನ್ ಜೊತೆ ಸೇರಿ ವರ್ಬ್ ಒಂದು ಸಂಗತಿ ತೋರಿಸಿದರು. ಕೆರಳಿದ ಮ್ಯಾಕ್ರೋಫೇಜ್‌ಗಳು ಕಸ ನುಂಗುವುದಷ್ಟೇ ಅಲ್ಲ, ಕೊಲಾಜನ್ ಮತ್ತು ಎಲಾಸ್ಟಿನ್ ಕತ್ತರಿಸುವ ಕಿಣ್ವಗಳನ್ನು ಹೊರಕ್ಕೂ ಬಿಡುತ್ತವೆ. ಎಲಾಸ್ಟಿನ್ ಎಂದರೆ ಅಂಗಾಂಶಕ್ಕೆ ರಬ್ಬರಿನಂತೆ ಎಳೆತ ಕೊಡುವ ಎಳೆ.

ಅಂದರೆ ಹಂದರ ಕತ್ತರಿಸುವ ಕೆಲಸ ರೋಗದ ಕೋಶಗಳದ್ದೇ ಅಲ್ಲ. ದೇಹದ ಸ್ವಂತ ಸಿಬ್ಬಂದಿಯೂ ಅದನ್ನು ಮಾಡುತ್ತದೆ. ಹೀಗಾಗಿ ವರ್ಬ್ ಅವರ ಮುಂದಿದ್ದ ಪ್ರಶ್ನೆ 'ಈ ಕಿಣ್ವವನ್ನು ಹೇಗೆ ತಡೆಯುವುದು' ಎಂಬುದಲ್ಲ. 'ಇದನ್ನು ಯಾರು, ಯಾವಾಗ, ಯಾಕೆ ಬಿಡುಗಡೆ ಮಾಡುತ್ತಾರೆ' ಎಂಬುದು. ಅವರ ಪ್ರಯೋಗಾಲಯ ನಾಲ್ಕು ದಶಕ ಈ ಪ್ರಶ್ನೆಯನ್ನೇ ಬೇರೆ ಬೇರೆ ಅಂಗಗಳಲ್ಲಿ ಕೇಳುತ್ತಾ ಹೋಯಿತು.

ಹಾಲುಣಿಸುವ ಇಲಿಯಿಂದ ಕಲಿತದ್ದು

ಹುಟ್ಟಿದ ಮೇಲೂ ಮತ್ತೆ ಮತ್ತೆ ಕಟ್ಟಿ ಕೆಡವಲಾಗುವ ಅಂಗ ಯಾವುದಾದರೂ ಇದೆಯೇ? ಇದೆ, ಸ್ತನ. ಬಸಿರಿನಲ್ಲಿ ಹಾಲಿನ ಗ್ರಂಥಿಗಳು ಕವಲೊಡೆದು ತುಂಬಿಕೊಳ್ಳುತ್ತವೆ. ಮರಿ ಹಾಲು ಬಿಟ್ಟ ಮೇಲೆ ಆ ಗ್ರಂಥಿಗಳು ಕರಗಿ ಅಂಗ ಮೊದಲಿನ ಸ್ಥಿತಿಗೆ ಮರಳುತ್ತದೆ. ಗೊದಮೊಟ್ಟೆಯ ಬಾಲದ ಕಥೆಯೇ ಇಲ್ಲಿಯೂ. ಕರಗಿಸುವ ಹೊತ್ತಿಗೆ ಎಂಎಂಪಿಗಳು ಹೆಚ್ಚುತ್ತವೆ.

ವರ್ಬ್ ಮತ್ತು ಮೀನಾ ಬಿಸ್ಸೆಲ್ ಅವರ ತಂಡಗಳು ಒಂದು ಪ್ರಯೋಗ ಮಾಡಿದವು. ಎಂಎಂಪಿ-3 ಎಂಬ ಕಿಣ್ವ ಸ್ತನಗ್ರಂಥಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಯಾರಾಗುವಂತೆ ಇಲಿಗಳ ವಂಶವಾಹಿ ಬದಲಿಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬಸಿರಾಗದ ಇಲಿಗಳಲ್ಲೂ ಗ್ರಂಥಿ ಅತಿಯಾಗಿ ಕವಲೊಡೆದಿತ್ತು.

ಅದೇ ಇಲಿಗಳನ್ನು ದೀರ್ಘಕಾಲ ಗಮನಿಸಿದಾಗ ಇನ್ನೂ ದೊಡ್ಡ ಸುದ್ದಿ ಸಿಕ್ಕಿತು. ಮೊದಲು ಗ್ರಂಥಿಯ ಸುತ್ತಲಿನ ಹಂದರ ಬದಲಾಯಿತು, ನಾರು ತುಂಬಿಕೊಂಡಿತು. ಆಮೇಲೆ ಕೋಶಗಳು ಮಿತಿಮೀರಿ ಬೆಳೆದವು. ಕೊನೆಗೆ ಕೆಲವು ಇಲಿಗಳಲ್ಲಿ ನಿಜವಾದ ಕ್ಯಾನ್ಸರ್ ಗಡ್ಡೆಗಳೇ ಹುಟ್ಟಿದವು. ಎಂಎಂಪಿ-3ರ ಜೊತೆಗೆ ಅದರ ಬ್ರೇಕಾದ ಟಿಂಪ್-1 ಕೂಡ ತಯಾರಾಗುವಂತೆ ಮಾಡಿದ ಇಲಿಗಳಲ್ಲಿ ಈ ತೊಂದರೆ ಕಾಣಲಿಲ್ಲ. 1999ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈ ಫಲಿತಾಂಶ ಯಾಕೆ ಮುಖ್ಯ? ಹಳೆಯ ಕಥೆಯಲ್ಲಿ ಕ್ಯಾನ್ಸರ್ ಮೊದಲು ಹುಟ್ಟುತ್ತದೆ, ಆಮೇಲೆ ಗೋಡೆ ಒಡೆಯಲು ಕಿಣ್ವ ಬಳಸುತ್ತದೆ. ಇಲ್ಲಿ ಸುತ್ತಲಿನ ಹಂದರ ಕೆಟ್ಟದ್ದೇ ಕ್ಯಾನ್ಸರಿಗೆ ನೆಲ ಹದ ಮಾಡಿತು. ಕೋಶ ತನ್ನ ನೆರೆಹೊರೆಯಿಂದ ಸದಾ ಸೂಚನೆ ಪಡೆಯುತ್ತಿರುತ್ತದೆ. ನೆರೆಹೊರೆ ಹಾಳಾದರೆ ಕೋಶದ ನಡತೆಯೂ ಕೆಡಬಹುದು. ಇಂದು ಕ್ಯಾನ್ಸರ್ ಸಂಶೋಧನೆಯಲ್ಲಿ 'ಗಡ್ಡೆಯ ಸುತ್ತಲಿನ ಪರಿಸರ' ಎಂಬ ಮಾತು ತೀರಾ ಸಾಮಾನ್ಯವಾಗಿದೆ. ಅದಕ್ಕೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಇದೂ ಒಂದು.

ಒಂದೇ ಕಿಣ್ವ, ಎರಡು ಮುಖ

ಇನ್ನೊಂದು ಕಿಣ್ವ ಎಂಎಂಪಿ-9. ಇದರ ಕಥೆ ಇನ್ನೂ ಸ್ವಾರಸ್ಯಕರ.

1998ರಲ್ಲಿ ವರ್ಬ್ ಅವರ ತಂಡ ಎಂಎಂಪಿ-9 ಇಲ್ಲದ ಇಲಿಮರಿಗಳ ಮೂಳೆಯನ್ನು ಪರೀಕ್ಷಿಸಿತು. ಎಳೆಯ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪಟ್ಟಿಯೊಂದಿರುತ್ತದೆ. ರಕ್ತನಾಳಗಳು ಅದರೊಳಕ್ಕೆ ನುಗ್ಗಿ ಅದನ್ನು ಮೂಳೆಯಾಗಿಸುತ್ತವೆ. ಮಕ್ಕಳು ಎತ್ತರ ಬೆಳೆಯುವುದು ಹೀಗೆಯೇ. ಎಂಎಂಪಿ-9 ಇಲ್ಲದ ಮರಿಗಳಲ್ಲಿ ರಕ್ತನಾಳಗಳು ಬರುವುದು ತಡವಾಯಿತು. ಮೃದ್ವಸ್ಥಿಯ ಪಟ್ಟಿ ಸಾಮಾನ್ಯಕ್ಕಿಂತ ಸುಮಾರು 8 ಪಟ್ಟು ಉದ್ದವಾಯಿತು. ಮೂರು ವಾರದ ನಂತರ ದೇಹ ಹೇಗೋ ಸರಿದೂಗಿಸಿಕೊಂಡಿತು, ಆ ಮಾತು ಬೇರೆ. ಆದರೆ ಕಿಣ್ವದ ಒಳ್ಳೆಯ ಕೆಲಸವೇನೆಂದು ಗೊತ್ತಾಯಿತು. ಅದು ರಕ್ತನಾಳಗಳನ್ನು ಕರೆತರುತ್ತದೆ.

ಗಡ್ಡೆಗೂ ಬೆಳೆಯಲು ರಕ್ತ ಬೇಕು. ಡಗ್ಲಸ್ ಹನಹಾನ್ ಅವರ ಪ್ರಯೋಗಾಲಯದೊಂದಿಗೆ ಸೇರಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳ ಮೇದೋಜೀರಕ ಗ್ರಂಥಿಯ ಗಡ್ಡೆಗಳಲ್ಲಿ ಎಂಎಂಪಿ-9 ಇದೇ ಕೆಲಸ ಮಾಡುವುದು ಕಂಡಿತು. ರಕ್ತನಾಳಗಳನ್ನು ಬೆಳೆಸುವ ಒಂದು ಸಂದೇಶ ಪ್ರೋಟೀನು ಹಂದರದಲ್ಲಿ ಸಿಕ್ಕಿಕೊಂಡಿರುತ್ತದೆ. ಕಿಣ್ವ ಅದನ್ನು ಬಿಡಿಸಿ ಕಳಿಸುತ್ತದೆ. ಮೂಳೆ ಬೆಳೆಸಲು ಬಳಸುವ ಉಪಾಯವನ್ನೇ ಗಡ್ಡೆ ಎರವಲು ಪಡೆದಿತ್ತು. ಕಿಣ್ವದ ಕೆಲಸ ಗೋಡೆ ಒಡೆಯುವುದಷ್ಟೇ ಅಲ್ಲ, ಗೋಡೆಯೊಳಗೆ ಅಡಗಿರುವ ಸಂದೇಶಗಳನ್ನು ಹೊರಬಿಡುವುದೂ ಹೌದು ಎಂಬುದು ಇದರಿಂದ ತಿಳಿಯಿತು.

ಅದೇ ವರ್ಷ ಲೀಸಾ ಕೌಸೆನ್ಸ್, ವರ್ಬ್, ಹನಹಾನ್ ಮತ್ತು ಸಂಗಡಿಗರು ಇಲಿಗಳ ಚರ್ಮದ ಕ್ಯಾನ್ಸರಿನ ಬಗ್ಗೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಎಂಎಂಪಿ-9 ತಯಾರಿಸುತ್ತಿದ್ದುದು ಯಾರು? ಕ್ಯಾನ್ಸರ್ ಕೋಶಗಳಲ್ಲ! ಅಸ್ಥಿಮಜ್ಜೆಯಿಂದ ಬಂದ ರಕ್ಷಣಾ ಕೋಶಗಳು. ಕಾವಲಿಗೆ ಬಂದವರ ಕೈಯಿಂದಲೇ ಗಡ್ಡೆ ತನ್ನ ಕೆಲಸ ಮಾಡಿಸಿಕೊಂಡಿತ್ತು. ಎಂಎಂಪಿ-9 ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಕಡಿಮೆಯಾಯಿತು. ಆ ಇಲಿಗಳಿಗೆ ಸಾಮಾನ್ಯ ಅಸ್ಥಿಮಜ್ಜೆ ಕಸಿ ಮಾಡಿದಾಗ ಕ್ಯಾನ್ಸರ್ ಮತ್ತೆ ಹೆಚ್ಚಿತು.

ಆದರೆ ಅದೇ ಅಧ್ಯಯನದಲ್ಲಿ ಎಚ್ಚರಿಕೆಯ ಗಂಟೆಯೊಂದೂ ಇತ್ತು. ಎಂಎಂಪಿ-9 ಇಲ್ಲದಿದ್ದರೂ ಕೆಲವು ಇಲಿಗಳಲ್ಲಿ ಗಡ್ಡೆ ಹುಟ್ಟಿತ್ತು. ಸಂಖ್ಯೆಯಲ್ಲಿ ಅವು ಕಡಿಮೆ. ಸ್ವಭಾವದಲ್ಲಿ ಮಾತ್ರ ಹೆಚ್ಚು ಉಗ್ರ.

ಮದ್ದು ಬಂತು, ನಿರಾಸೆಯೂ ಬಂತು

ಈ ಸೂಕ್ಷ್ಮಗಳು ಬೆಳಕಿಗೆ ಬರುತ್ತಿದ್ದ ಹೊತ್ತಿನಲ್ಲೇ ಕಿಣ್ವ ತಡೆಯುವ ಮದ್ದುಗಳು ರೋಗಿಗಳನ್ನು ತಲುಪಿಯಾಗಿತ್ತು. ಕಂಪನಿಗಳು ಹಳೆಯ ಸರಳ ಕಥೆಯನ್ನು ನಂಬಿ ಹೊರಟಿದ್ದವು. ಕಿಣ್ವದ ಬಾಯಲ್ಲಿರುವ ಸತುವನ್ನು ಹಿಡಿದುಕೊಳ್ಳುವ ಔಷಧಗಳು ತಯಾರಾದವು. ಬ್ರಿಟನ್ನಿನಲ್ಲಿ ತಯಾರಾದ ಬಟಿಮಾಸ್ಟಾಟ್ ಮತ್ತು ಮಾರಿಮಾಸ್ಟಾಟ್ ಮೊದಲ ಸಾಲಿನವು. ಆಮೇಲೆ ಪ್ರಿನೊಮಾಸ್ಟಾಟ್, ಟ್ಯಾನೊಮಾಸ್ಟಾಟ್ ಬಂದವು. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. ಮೇದೋಜೀರಕ, ಶ್ವಾಸಕೋಶ, ಜಠರ ಹೀಗೆ ಹಲವು ಬಗೆಯ ಕ್ಯಾನ್ಸರ್ ಇದ್ದ ಸಾವಿರಾರು ರೋಗಿಗಳು ಪರೀಕ್ಷೆಗಳಲ್ಲಿ ಭಾಗವಹಿಸಿದರು. 

ಮೊದಲ ಸುಳಿವು ಕೊಟ್ಟದ್ದು ಕೀಲುಗಳು. ಮಾರಿಮಾಸ್ಟಾಟ್ ಪಡೆದ ಹಲವರಿಗೆ ಕೆಲವು ವಾರಗಳಲ್ಲಿ ಭುಜ, ಕೈಗಳ ಕೀಲು ನೋವು ಶುರುವಾಯಿತು, ಬಿಗಿತ ಬಂತು. ಕೆಲವರಿಗೆ ಮದ್ದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕಿಣ್ವಗಳು ದಿನನಿತ್ಯ ಮಾಡುತ್ತಿದ್ದ ದುರಸ್ತಿ ಕೆಲಸವೂ ಅದರೊಂದಿಗೆ ನಿಂತುಹೋಗಿತ್ತು ಎಂಬುದು ಒಂದು ವಿವರಣೆ.

ಆಮೇಲೆ ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಮೇದೋಜೀರಕದ ಕ್ಯಾನ್ಸರಿನಲ್ಲಿ ಮಾರಿಮಾಸ್ಟಾಟ್ ಆಗಲೇ ಬಳಕೆಯಲ್ಲಿದ್ದ ಔಷಧಕ್ಕಿಂತ ಮೇಲೆನಿಸಲಿಲ್ಲ. ಟ್ಯಾನೊಮಾಸ್ಟಾಟ್‌ದು ಇನ್ನೂ ಕಹಿ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನ ಪರೀಕ್ಷೆಯಲ್ಲಿ ಮದ್ದು ಪಡೆದವರ ಸ್ಥಿತಿ ಬರೀ ಹುಸಿಮಾತ್ರೆ ಪಡೆದವರಿಗಿಂತ ಕೆಟ್ಟದಾಯಿತು. 1999ರಲ್ಲಿ ಕಂಪನಿ ಪರೀಕ್ಷೆಯನ್ನೇ ನಿಲ್ಲಿಸಿತು. ಇಂದಿನವರೆಗೂ ಎಂಎಂಪಿ ತಡೆಯುವ ಯಾವ ಔಷಧವೂ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಪಡೆದಿಲ್ಲ.

ಎಡವಿದ್ದೆಲ್ಲಿ?

ಕೌಸೆನ್ಸ್, ಬಾರ್ಬರಾ ಫಿಂಗಲ್ಟನ್ ಮತ್ತು ಲಿನ್ ಮಟ್ರಿಸಿಯನ್ 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಸೋಲಿನ ಲೆಕ್ಕ ಒಪ್ಪಿಸಿದರು. ಅಂದಿನಿಂದ ಇಂದಿನವರೆಗೆ ವಿಜ್ಞಾನಿಗಳು ಗುರುತಿಸಿರುವ ಕಾರಣಗಳಲ್ಲಿ ಮೂರನ್ನು ಇಲ್ಲಿ ನೋಡೋಣ.

1. ಹೊತ್ತು ತಪ್ಪಿತ್ತು. ಇಲಿಗಳಲ್ಲಿ ಮದ್ದು ಫಲ ಕೊಟ್ಟದ್ದು ಹೆಚ್ಚಾಗಿ ರೋಗದ ಆರಂಭದ ಹಂತದಲ್ಲಿ. ಮನುಷ್ಯರಲ್ಲಿ ಪರೀಕ್ಷೆ ನಡೆದದ್ದು ಕ್ಯಾನ್ಸರ್ ಆಗಲೇ ಹರಡಿದ್ದವರ ಮೇಲೆ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದಂತಾಯಿತು.

2. ಮದ್ದು ಯಾರನ್ನೂ ಬಿಡಲಿಲ್ಲ. ಸತುವನ್ನು ಹಿಡಿಯುವ ಔಷಧಕ್ಕೆ 23 ಕಿಣ್ವಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ವಿವೇಚನೆ ಇರಲಿಲ್ಲ. ಕೀಲುನೋವಿನಿಂದಾಗಿ ಪ್ರಮಾಣ ಹೆಚ್ಚಿಸುವಂತೆಯೂ ಇರಲಿಲ್ಲ.

3. ಕೆಲವು ಎಂಎಂಪಿಗಳು ನಮ್ಮ ಪರವಾಗಿಯೇ ಕೆಲಸ ಮಾಡುತ್ತವೆ. 2003ರಲ್ಲಿ ಸ್ಪೇನಿನ ಕಾರ್ಲೊಸ್ ಲೋಪೆಸ್-ಒಟಿನ್ ಅವರ ತಂಡ ಎಂಎಂಪಿ-8 ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಆ ಕಿಣ್ವ ಕ್ಯಾನ್ಸರಿನಿಂದ ಕಾಪಾಡುತ್ತಿತ್ತು. ಎಲ್ಲವನ್ನೂ ತಡೆಯುವ ಮದ್ದು ಅದನ್ನೂ ತಡೆಯುತ್ತದೆ.

ಹಾಗಾದರೆ ಒಂದೇ ಕಿಣ್ವವನ್ನು ಗುರಿಯಿಟ್ಟು ಹೊಡೆದರೆ? ಅದೂ ಆಯಿತು. ಎಂಎಂಪಿ-9ನ್ನು ಮಾತ್ರ ತಡೆಯುವ ಆಂಡೆಕಾಲಿಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ಜಠರದ ಕ್ಯಾನ್ಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಕೀಮೋಥೆರಪಿಯ ಜೊತೆ ಕೊಟ್ಟರೂ ಅದು ರೋಗಿಗಳ ಒಟ್ಟು ಬದುಕುಳಿಯುವ ಅವಧಿಯನ್ನು ಹೆಚ್ಚಿಸಲಿಲ್ಲ. ಯಾವ ಕಿಣ್ವ ಎಂಬುದರ ಜೊತೆಗೆ ಯಾವ ಹಂತ, ಯಾವ ಅಂಗ, ಯಾರ ಕೈಯಲ್ಲಿ ಎಂಬುದೂ ಅಷ್ಟೇ ಮುಖ್ಯ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಹಂದರದ ಹದ ತಪ್ಪುವುದು ಕ್ಯಾನ್ಸರಿನಲ್ಲಿ ಮಾತ್ರವಲ್ಲ. ಧೂಮಪಾನಿಗಳ ಶ್ವಾಸಕೋಶವನ್ನೇ ನೋಡಿ. ಹೊಗೆಯಿಂದ ಕೆರಳಿದ ಮ್ಯಾಕ್ರೋಫೇಜ್‌ಗಳು ಎಲಾಸ್ಟಿನ್ ಕತ್ತರಿಸುವ ಎಂಎಂಪಿ-12ನ್ನು ಬಿಡುತ್ತವೆ. 1997ರ ಒಂದು ಪ್ರಯೋಗದಲ್ಲಿ ಈ ಕಿಣ್ವವಿಲ್ಲದ ಇಲಿಗಳಿಗೆ ದೀರ್ಘಕಾಲ ಸಿಗರೇಟಿನ ಹೊಗೆ ತಗುಲಿಸಿದರೂ ಗಾಳಿಗೂಡುಗಳು ಹಿಗ್ಗಿ ಹಾಳಾಗುವ ಎಂಫಿಸೀಮಾ ಬರಲಿಲ್ಲ. ಸಂಧಿವಾತದಲ್ಲಿ ಕೀಲಿನ ಮೃದ್ವಸ್ಥಿ ಸವೆಯುವುದರಲ್ಲೂ, ವಸಡಿನ ರೋಗದಲ್ಲಿ ಹಲ್ಲು ಸಡಿಲವಾಗುವುದರಲ್ಲೂ ಇವುಗಳ ಪಾತ್ರವಿದೆ.

ಇದಕ್ಕೆ ತದ್ವಿರುದ್ಧವಾದ ರೋಗವೊಂದು ನಮ್ಮ ಪಕ್ಕದಲ್ಲೇ ಇದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. 'ತಂಬಾಕು ಹಾಕದಿದ್ದರೆ ಬರೀ ಅಡಿಕೆಯಿಂದ ಏನೂ ಆಗುವುದಿಲ್ಲ' ಎಂಬ ಮಾತು ನಾವು ಎಲ್ಲೆಡೆ ಕೇಳುತ್ತೇವೆ. ಅದು ತಪ್ಪು. ವರ್ಷಗಟ್ಟಲೆ ಅಡಿಕೆ ಅಗಿಯುವವರಲ್ಲಿ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಗೋಡೆ ನಾರುನಾರಾಗಿ ಗಟ್ಟಿಯಾಗುವ ಒಂದು ರೋಗ ಬರುತ್ತದೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಖಾರ ತಿಂದರೆ ಉರಿ.

ಇಲ್ಲಿ ನಡೆಯುವುದು ಕೊಲಾಜನ್ನಿನ ಲೆಕ್ಕ ತಪ್ಪುವುದು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಅಂಶಗಳು ಕೊಲಾಜನ್ ತಯಾರಿಕೆಯನ್ನು ಕೆರಳಿಸುತ್ತವೆ. ಅದರ ತಾಮ್ರ, ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಒಗರಿನ ಟ್ಯಾನಿನ್‌ಗಳು ಆ ಎಳೆಗಳನ್ನು ಕತ್ತರಿಗೆ ಜಗ್ಗದಂತೆ ಗಟ್ಟಿಗೊಳಿಸುತ್ತವೆ. ಕಟ್ಟುವುದು ಹೆಚ್ಚಾಗಿ ಕೆಡವುವುದು ಕಡಿಮೆಯಾಗುತ್ತದೆ. ಈ ಸ್ಥಿತಿ ಮುಂದೆ ಬಾಯಿ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರ ತಂಡ ಎರಡು ದಶಕಗಳ ಹಿಂದೆಯೇ ಅಡಿಕೆಯನ್ನು, ತಂಬಾಕಿಲ್ಲದೆಯೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ನಿಮಗೋ ಮನೆಯವರಿಗೋ ಅಡಿಕೆ ಜಗಿಯುವ ಅಭ್ಯಾಸವಿದ್ದರೆ ಕನ್ನಡಿ ಮುಂದೆ ಒಮ್ಮೆ ಬಾಯಿ ತೆರೆದು ನೋಡಿ. ನಿಮ್ಮದೇ ಮೂರು ಬೆರಳುಗಳು ಮೇಲೆ ಕೆಳಗೆ ಜೋಡಿಸಿಕೊಂಡು ಹಲ್ಲುಗಳ ನಡುವೆ ಹಿಡಿಸದಿದ್ದರೆ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿ ಕೈಗೆ ತಾಗಿದರೆ, ದಂತವೈದ್ಯರ ಬಳಿ ಹೋಗಲು ತಡ ಮಾಡಬೇಡಿ.

ಸೋಲಿನ ನಂತರ ಉಳಿದದ್ದೇನು?

ಎಲ್ಲವೂ ವ್ಯರ್ಥವಾಯಿತೇ? ಇಲ್ಲ. ಡಾಕ್ಸಿಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್‌ಗೆ ಈ ಕಿಣ್ವಗಳನ್ನು ತಗ್ಗಿಸುವ ಗುಣವೂ ಇದೆ ಎಂದು ಲೋರ್ನ್ ಗೊಲಬ್ ಮತ್ತು ಸಂಗಡಿಗರು ಕಂಡುಕೊಂಡಿದ್ದರು. ರೋಗಾಣು ಕೊಲ್ಲಲು ಸಾಲದಷ್ಟು ಕಡಿಮೆ ಪ್ರಮಾಣದಲ್ಲಿ, ಅಂದರೆ 20 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಬಾರಿ, ವಸಡಿನ ರೋಗಕ್ಕೆ ಅದನ್ನು ಬಳಸಲು 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. (ಇದನ್ನು ಓದಿ ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ವೈದ್ಯರು ಬರೆದುಕೊಡದೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವುದು ಅಪಾಯ.)

ಇನ್ನೊಂದು ದಾರಿ ಬಹಳ ಜಾಣತನದ್ದು. ಕಿಣ್ವವನ್ನು ತಡೆಯುವ ಬದಲು ಅದನ್ನೇ ಸಾಕ್ಷಿಯಾಗಿ ಬಳಸುವುದು. ಪೆಗುಲಿಸಿಯಾನೈನ್ ಎಂಬ ಬಣ್ಣಕ್ಕೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಎಂಎಂಪಿ ಮತ್ತು ಕೆಥೆಪ್ಸಿನ್ ಎಂಬ ಕಿಣ್ವಗಳು ಅದನ್ನು ಕತ್ತರಿಸಿದಾಗ ಅದು ವಿಶೇಷ ಬೆಳಕಿನಲ್ಲಿ ಹೊಳೆಯುತ್ತದೆ. ಗಡ್ಡೆ ತೆಗೆದ ಮೇಲೆ ಅಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ಶಸ್ತ್ರವೈದ್ಯರಿಗೆ ಇದು ನೆರವಾಗುತ್ತದೆ. ಬಣ್ಣ ಹೊಳೆದಲ್ಲೆಲ್ಲ ಕ್ಯಾನ್ಸರ್ ಇದೆಯೆಂದಲ್ಲ, ಹೊಳೆಯದಲ್ಲಿ ಇಲ್ಲವೆಂದೂ ಅಲ್ಲ. ಆದರೂ ಒಂದು ಕಾಲದಲ್ಲಿ ಕೊಲ್ಲಬೇಕೆಂದುಕೊಂಡ ಕಿಣ್ವವೇ ಇಂದು ಸುಳಿವು ಕೊಡುತ್ತಿದೆ.

ಹಾಗಾದರೆ ನಾವು ನೆನಪಿಡಬೇಕಾದದ್ದು

'ಇದು ಕ್ಯಾನ್ಸರ್ ಕಿಣ್ವವನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎಂಬ ಸಾಲು ಕಷಾಯದಿಂದ ಹಿಡಿದು ಮಾತ್ರೆ, ಪುಡಿಗಳವರೆಗೆ ಎಲ್ಲದರ ಜಾಹೀರಾತಿನಲ್ಲೂ, ವಾಟ್ಸಾಪ್ ಸಂದೇಶದಲ್ಲೂ ಕಾಣುತ್ತದೆ. ಆ ಸಾಲು ನಿಜವೇ ಇರಬಹುದು. ಮಾರಿಮಾಸ್ಟಾಟ್ ಬಗ್ಗೆಯೂ ಅದು ನಿಜವಾಗಿತ್ತು. ಅದರ ಹಿಂದೆ ದೊಡ್ಡ ಕಂಪನಿ, ಒಳ್ಳೆಯ ವಿಜ್ಞಾನಿಗಳು, ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ಎಲ್ಲವೂ ಇತ್ತು. ಆದರೂ ರೋಗಿಗಳಿಗೆ ಉಪಯೋಗವಾಗಲಿಲ್ಲ.

ಹಾಗಾಗಿ ಅಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ರೋಗದ ಯಾವ ಹಂತದಲ್ಲಿ? ಆ ಕಿಣ್ವ ಮೈಗೆ ಬೇರೆ ಯಾವ ಉಪಕಾರ ಮಾಡುತ್ತದೆ? ಮೂರಕ್ಕೂ ಉತ್ತರವಿಲ್ಲದಿದ್ದರೆ, ನಡೆಯುತ್ತಿರುವ ಚಿಕಿತ್ಸೆಯನ್ನು ಅದಕ್ಕಾಗಿ ಬಿಡಬೇಡಿ, ವೈದ್ಯರಿಗೆ ಹೇಳದೆ ಅದನ್ನು ಚಿಕಿತ್ಸೆಯ ಜೊತೆಗೂ ಸೇರಿಸಬೇಡಿ.

ಈ ಕಿಣ್ವ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ವರ್ಬ್ ಅವರ ಕೆಲಸ ಓದಿದ ಮೇಲೆ ನಮಗೆ ಹೊಳೆಯುವ ಉತ್ತರ ಇಷ್ಟೇ: ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂದು ಮೊದಲು ಹೇಳಿ.